ಎರಡೂ ಕೂಡಿದರ ಹದಿನಾಲ್ಕು

ಈ ಏಳರ ಸೊಂಟಕ್ಕೊಂದು ಅಡ್ಡಗೆರೆ, ಪುಟದಲ್ಲಿರುವ ಎಲ್ಲ ಏಳಕ್ಕೂ ಇದೆ, ಒಂದನ್ನೂ ಬಿಟ್ಟಿಲ್ಲ, ನೋಡುವವರು ಏಳನ್ನು ಒಂದೆಂದು ತಿಳಿಯಬಾರದು ಎಂಬ ಜಾಗ್ರತೆ, ಇಷ್ಟು ಜಾಗ್ರತೆಯ ಕೈ ಕುರುಡು ಊಹೆಯಲ್ಲಿ ಉತ್ತರ ಬರೆಯುತ್ತದೆಯೇ — ಅದರ ಮೇಲೆಯೇ ರವಿರಾಜ ಸರ್ ತೋರುಬೆರಳು ಇಟ್ಟಿದ್ದಾರೆ, ಬೆರಳಿನಲ್ಲಿ ಹವಳದ ಉಂಗುರ, ಬೆರಳು ತೆಗೆಯಿರಿ ಸರ್, ಅಕ್ಷರ ಕಾಣುವುದಿಲ್ಲ ಎನ್ನಬೇಕು, ಬಾಯಿಗೆ ಬರುತ್ತಿಲ್ಲ, ಕುಸುಮ ಮೇಡಂ, ಇದಕ್ಕೆ ಒಂದು ಅಂಕ, ನೀವು ಮೂರು ಕೊಟ್ಟಿದ್ದೀರಿ, ಹೊಡೆದು ಒಂದು ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಇದನ್ನು ಅವರು ಹೇಳುವುದು ಮೂರನೆಯ ಸಲ, ಪ್ರತಿ ಸಲವೂ ಮೊದಲಿಗಿಂತ ಮೆತ್ತಗೆ, ಸಿಟ್ಟು ಬಂದಷ್ಟೂ ಮೆತ್ತಗಾಗುವ ಜನ ಅವರು. ಮೂಡುಬಿದಿರೆಯ ಶಾಲೆಯೊಂದರ ಮಹಡಿಯ ಮೇಲಿನ ಕೋಣೆ, ಮೌಲ್ಯಮಾಪನದ ಮೂರನೆಯ ದಿನ, ಹತ್ತನೆಯ ತರಗತಿಯ ಗಣಿತದ ಪತ್ರಿಕೆಗಳು, ಫೇಲಾದವರಿಗೆ ವರ್ಷದ ಕೊನೆಯ ಅವಕಾಶದ ಪತ್ರಿಕೆಗಳು, ಎಂಟು ಮಂದಿ ಟೀಚರುಗಳು, ಮೇಜಿಗೊಬ್ಬರು, ನಾವು ಕೆಂಪು ಶಾಯಿಯಲ್ಲಿ ಅಂಕ ಹಾಕುವುದು, ನಮ್ಮ ಮೇಲೆ ಉಪಮುಖ್ಯರಾಗಿ ಕೂತ ರವಿರಾಜ ಸರ್ ಪ್ರತಿ ಕಟ್ಟಿನಿಂದ ನಾಲ್ಕೈದನ್ನು ಎಳೆದು ಸರಿಯಾಗಿ ನೋಡಿದ್ದೇವೆಯೇ ಎಂದು ಪರೀಕ್ಷಿಸುವುದು, ನನ್ನ ಕಟ್ಟಿನಿಂದ ಅವರ ಕೈಗೆ ಬಂದದ್ದು ಇದು, ನೂರಾರು ಪತ್ರಿಕೆಗಳಲ್ಲಿ ಇದೇ. ಬೆಳಿಗ್ಗೆ ವಾಮದಪದವಿನಿಂದ ಹೊರಟು ಸಿದ್ಧಕಟ್ಟೆಯಲ್ಲಿ ಬಸ್ಸು ಬದಲಿಸುವಾಗ ಇವತ್ತು ಬೇಗ ಮುಗಿಸಿ ಮನೆಗೆ ಹೋಗಿ ತಲೆಗೆ ಎಣ್ಣೆ ಹಾಕಿಕೊಳ್ಳಬೇಕು ಎಂದಷ್ಟೇ ಯೋಚಿಸಿದ್ದೆ, ಜಗಳದ ಯೋಚನೆ ಖಂಡಿತ ಇರಲಿಲ್ಲ, ಹದಿನೆಂಟು ವರ್ಷದ ನೌಕರಿಯಲ್ಲಿ ಯಾರ ಜೊತೆಯೂ ಜಗಳ ಮಾಡಿದವಳಲ್ಲ ನಾನು.

ಪ್ರಶ್ನೆ ಎಷ್ಟು ಸಣ್ಣದು, x² − 14x + 45 = 0, ಇದರ ಮೂಲಗಳನ್ನು ಕಂಡುಹಿಡಿಯಿರಿ, ಮೂರು ಅಂಕ, ಅಪವರ್ತನ ಮಾಡುವುದು ಇಲ್ಲವೇ ಸೂತ್ರ ಹಾಕುವುದು, ನಲವತ್ತು ಮಕ್ಕಳಿಗೆ ನಲವತ್ತು ಸಲ ನಾನೇ ಬಾಯಿಪಾಠ ಮಾಡಿಸಿದ್ದೇನೆ, ಬಿ ವರ್ಗದಿಂದ ನಾಲ್ಕು ಎಸಿ ಕಳೆಯುವುದು, ಆದರೆ ಈ ಪತ್ರಿಕೆಯಲ್ಲಿ ಸೂತ್ರವೇ ಇಲ್ಲ, ಮಾತು ಇದೆ. ಎರಡೂ ಮೂಲ ಕೂಡಿದರ 14 ಆಗಬೇಕು. ಸಮ ಹಂಚಿದರ 7 ಮತ್ತು 7. ಗುಣಿಸಿದರ 49. ನಮಗ 45 ಬೇಕು. 4 ಹೆಚ್ಚಾತು. 4 ಅಂದರ 2ರ ವರ್ಗ. ಅದಕ್ಕ 7ರಿಂದ 2 ಆ ಕಡೆ, 2 ಈ ಕಡೆ. 9 ಮತ್ತು 5. ಇಷ್ಟೇ, ಕೆಳಗೊಂದು ಗೆರೆ, ಗೆರೆಯ ಕೆಳಗೆ ಮುಂದಿನ ಪ್ರಶ್ನೆ. ಘಟ್ಟದ ಮೇಲಿನ ಮಗು, ಧಾರವಾಡದ ಕಡೆಯದೋ ಅದಕ್ಕೂ ಆಚೆಯದೋ, ಹುಡುಗನೋ ಹುಡುಗಿಯೋ, ಹೆಸರಿನ ಜಾಗದಲ್ಲಿ ಗೀರುಗೀರಿನ ಸಂಕೇತ ಮಾತ್ರ, ಮನೆಯಲ್ಲಿ ಆಡುವ ಮಾತಿನಲ್ಲೇ ಲೆಕ್ಕ ಮಾಡಿದೆ, ರವಿರಾಜ ಸರ್ ಓದಿ ನಕ್ಕರು, ಹೆಚ್ಚಾತು ಅಂತೆ ಮಾರಾಯ್ರೆ, ಲೆಕ್ಕ ಮಾಡ್ಲಿಕ್ಕೆ ಹೇಳಿದ್ರೆ ಕಥೆ ಬರ್ದಿದ್ದಾರೆ, ಪಕ್ಕದ ಮೇಜಿನವರೂ ನಕ್ಕರು, ನಾನು ನಗಲಿಲ್ಲ, ಏಕೆಂದರೆ ಅದನ್ನು ಮೊದಲ ಸಲ ಓದಿದಾಗ ನನ್ನ ಪೆನ್ನು ನಿಂತುಹೋಗಿತ್ತು, ಎರಡನೆಯ ಸಲ ಓದಿದೆ, ಮೂರನೆಯ ಸಲ, ಮೈಯೆಲ್ಲ ಬೆಚ್ಚಗಾಯಿತು, ಸಮೀಕರಣದ ಹೊಟ್ಟೆಯಲ್ಲಿರುವ ಹದಿನಾಲ್ಕು ಮೂಲಗಳ ಮೊತ್ತ, ಬಾಲದಲ್ಲಿರುವ ನಲವತ್ತೈದು ಮೂಲಗಳ ಗುಣಲಬ್ಧ, ಪುಸ್ತಕದಲ್ಲಿ ಇದು ಅರ್ಧ ಪುಟ, ಕೊನೆಗೆ ತಾಳೆ ನೋಡುವುದಕ್ಕೆಂದು ಇಟ್ಟದ್ದು, ಈ ಮಗು ಅದನ್ನು ಎತ್ತಿ ಬಾಗಿಲು ಮಾಡಿಕೊಂಡಿದೆ, ಅಲ್ಲಿಂದಲೇ ಒಳಗೆ ಹೋಗಿದೆ, ಅದಕ್ಕೇ ಮೂರು ಬರೆದೆ. ಸರ್ ನಗು ನಿಲ್ಲಿಸಿ ಕೇಳಿದರು, ಇದು ಪುಸ್ತಕದಲ್ಲಿಲ್ಲ, ಅಂಕ ಹಾಕುವ ಸ್ಕೀಮಿನಲ್ಲಿಲ್ಲ, ಎಲ್ಲಿಂದ ಬಂತು, ಮೊಬೈಲ್ ನೋಡಿದ್ದೋ ಕೋಚಿಂಗಿನವರು ಬಾಯಿಗೆ ಹಾಕಿದ್ದೋ, ಇದನ್ನು ಇವರಿಗೆ ಯಾರು ಹೇಳಿಕೊಟ್ಟದ್ದು?

ಯಾರು ಹೇಳಿಕೊಟ್ಟದ್ದು, ಈ ಮಾತನ್ನು ನಾನು ಬೆಳ್ತಂಗಡಿಯಲ್ಲಿ ಕೇಳಿದ್ದೇನೆ, ಇಪ್ಪತ್ತೆಂಟು ವರ್ಷ ಹಿಂದೆ, ಪಿಯುಸಿಯ ಮೊದಲ ವರ್ಷ, ಸ್ಟಾಫ್ ರೂಮಿನ ಹಸಿರು ಬಣ್ಣದ ಅರ್ಧ ಬಾಗಿಲು, ಅದರ ಕೆಳಗೆ ನನ್ನ ಹವಾಯಿ ಚಪ್ಪಲಿ ಹೊರಗಿನವರಿಗೆ ಕಾಣುತ್ತಿದೆ ಎಂಬ ನಾಚಿಕೆ. ಆಗ ನಾವು ಮುಂಡಾಜೆಯಲ್ಲಿ, ಬೆಳಿಗ್ಗೆ ಬಸ್ಸು ಕಾಯುವಾಗ ಮುಕ್ಕಾಲು ಗಂಟೆ ಖಾಲಿ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸುಮ್ಮನೆ ಲೆಕ್ಕ ಮಾಡುವ ಚಾಳಿ, ಮೂಲ ಒಂದು ಎರಡು ಮೂರು ಆದರೆ ಸಮೀಕರಣ ಎಂಥದು, ಎರಡು ಮೂರು ನಾಲ್ಕು ಆದರೆ ಎಂಥದು, ಗುಣಿಸಿ ಬಿಡಿಸಿ ಬರೆಯುತ್ತಾ ಹೋದೆ, ಒಂದು ದಿನ ಕಂಡಿತು, ಎರಡನೆಯ ಸ್ಥಾನದಲ್ಲಿ ಬರುವುದು ಮೂರೂ ಮೂಲಗಳ ಮೊತ್ತ, ಕೊನೆಯಲ್ಲಿ ಬರುವುದು ಮೂರರ ಗುಣಲಬ್ಧ, ಕಳೆಯುವ ಚಿಹ್ನೆ ಒಂದು ಬಿಟ್ಟು ಒಂದು, ಪ್ರತಿ ಸಲವೂ, ಹತ್ತು ಸಲ ಮಾಡಿದರೂ, ಮೂಲ ಗೊತ್ತಾಗುವ ಮೊದಲೇ ಮೂಲಗಳ ಸುದ್ದಿ ಸಮೀಕರಣದ ಮೈಮೇಲೆ ಬರೆದಿದೆ, ಓದುವವರಿಲ್ಲ ಅಷ್ಟೇ, ಆ ದಿನ ಬಸ್ಸು ಬಂದು ಹೋದದ್ದು ತಿಳಿಯಲಿಲ್ಲ, ಮೊದಲ ಪೀರಿಯಡ್ ತಪ್ಪಿತು. ಆಮೇಲೆ ತಿಂಗಳ ಪರೀಕ್ಷೆ, x³ − 9x² + 26x − 24 = 0, ಇದರ ಒಂದು ಮೂಲ 2, ಉಳಿದೆರಡನ್ನು ಕಂಡುಹಿಡಿಯಿರಿ, ಎಲ್ಲರೂ ಉದ್ದಕ್ಕೆ ಭಾಗಾಕಾರ ಮಾಡಿದರು, ನಾನು ಎರಡೇ ಸಾಲು, ಮೂರೂ ಸೇರಿ 9, ಹಾಗಾಗಿ ಉಳಿದೆರಡು ಸೇರಿ 7, ಮೂರೂ ಗುಣಿಸಿದರೆ 24, ಹಾಗಾಗಿ ಉಳಿದೆರಡರ ಗುಣಲಬ್ಧ 12, ಅವು 3 ಮತ್ತು 4. ಲೆಕ್ಚರರು ಕರೆದು ಕೇಳಿದರು, ಇದು ಮುಂದಿನ ಪಾಠ, ನಾನು ಇನ್ನೂ ಮಾಡ್ಲೇ ಇಲ್ಲ, ನಿನಗೆ ಯಾರು ಹೇಳಿಕೊಟ್ಟದ್ದು, ಯಾರೂ ಇಲ್ಲ ಸರ್ ಎಂದೆ, ಸುಳ್ಳು ಬೇರೆ ಹೇಳ್ತೀಯಾ ಎಂದರು, ನಾಳೆ ಅಪ್ಪನನ್ನು ಕರೆದುಕೊಂಡು ಬಾ.

ಅಪ್ಪ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದವರು, ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಖಾಕಿಯಲ್ಲೇ ಬಂದರು, ಕಂಡಕ್ಟರಿಗೆ ಹತ್ತು ನಿಮಿಷ ಅಂತ ಹೇಳಿ ಬಂದಿದ್ದರು, ಲೆಕ್ಚರರ ಎದುರು ಕೂರಲಿಲ್ಲ, ಕುರ್ಚಿ ಇದ್ದರೂ ಕೂರಲಿಲ್ಲ, ಹೇರ್‌ಪಿನ್ ತಿರುವಿನಲ್ಲಿ ಲಾರಿಗೆ ಎದುರಾದರೂ ಹಿಂದೆ ಸರಿಯದ ಮನುಷ್ಯ ಆ ಮೇಜಿನ ಎದುರು ಕೈಕಟ್ಟಿ ನಿಂತದ್ದು — ನಿಮ್ಮ ಮಗಳು ಯಾರದೋ ನೋಟ್ಸ್ ನೋಡಿ ಬರೆದಿದ್ದಾಳೆ, ಒಪ್ಪಿಕೊಂಡರೆ ಬಿಡ್ತೇನೆ, ಇಲ್ಲದಿದ್ದರೆ ಪ್ರಿನ್ಸಿಪಾಲರಿಗೆ ಹೋಗ್ತದೆ. ಅಪ್ಪ ನನ್ನ ಕಡೆ ತಿರುಗಿ ನೀನು ನೋಡಿ ಬರೆದೆಯಾ ಎಂದು ಕೇಳಲಿಲ್ಲ, ಕೇಳಿದ್ದರೆ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆ ತೋರಿಸುತ್ತಿದ್ದೆ, ಅದು ಚೀಲದಲ್ಲೇ ಇತ್ತು, ಹೆಗಲ ಮೇಲೆ, ಅಪ್ಪ ಹೇಳಿದ್ದು, ಬುಡು ಮಗಾ, ಬರ್ದು ಕೊಡು, ಬಸ್ಸು ನಿಂತುಂಟು. ಬರೆದು ಕೊಟ್ಟೆ. ನಾನು ಬೇರೆಯವರ ಪುಸ್ತಕ ನೋಡಿ ಬರೆದಿರುತ್ತೇನೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ತಮ್ಮ ವಿಧೇಯ ವಿದ್ಯಾರ್ಥಿನಿ, ಕೆಳಗೆ ನನ್ನ ಸಹಿ, ಅದರ ಕೆಳಗೆ ಅಪ್ಪನ ಸಹಿ. ಎರಡು ತಿಂಗಳ ನಂತರ ಅದೇ ಪಾಠ ಬಂತು, ಅದೇ ಲೆಕ್ಚರರು ಬೋರ್ಡಿನ ಮೇಲೆ ಅದನ್ನೇ ಬರೆದರು, ಮೊತ್ತ ಇಷ್ಟು, ಗುಣಲಬ್ಧ ಇಷ್ಟು, ಬಹಳ ಚಂದದ ಸಂಬಂಧ ನೋಡಿ ಇದು ಎಂದರು, ನಾನು ಡೆಸ್ಕಿನ ಕೆಳಗೆ ಕೈಯ ಚರ್ಮ ಚಿವುಟಿಕೊಂಡು ಕೂತಿದ್ದೆ. ಅಪ್ಪ ಅದನ್ನು ತಮಾಷೆ ಮಾಡಿಕೊಂಡರು, ಕೆಟ್ಟ ಮನಸ್ಸಿನಿಂದಲ್ಲ, ನನಗೆ ನೌಕರಿ ಸಿಕ್ಕಿ ಮೊದಲ ಸಲ ಪರೀಕ್ಷಾ ಕೊಠಡಿಯ ಕಾವಲಿಗೆ ಹೋಗುವ ದಿನ, ಕಾಪಿ ಹೊಡೆದವಳನ್ನೇ ಕಾವಲಿಗೆ ಹಾಕಿದ್ದಾರೆ ಎಂದು ನಕ್ಕರು, ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ, ಅಪ್ಪ ತೀರಿಹೋಗಿ ಆರು ವರ್ಷ, ಕೊನೆಯವರೆಗೂ ನಾನು ನೋಡಿ ಬರೆದವಳೆಂದೇ ನಂಬಿದ್ದರು, ನಂಬಿಯೂ ನನ್ನನ್ನು ಪ್ರೀತಿಸಿದರು, ಅದು ಇನ್ನೂ ಕಷ್ಟ.

ಸಹಿ ಹಾಕಿ ಮೇಡಂ. ಈಗ ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದು ಕೊಟ್ಟಿದ್ದಾರೆ. ಇಲ್ಲ ಸರ್ ಎಂದೆ, ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ, ಫ್ಯಾನಿನ ಸದ್ದಿನ ಮೇಲೆ ಕೇಳಿತು, ಏಳು ತಲೆಗಳು ಎದ್ದವು, ಮಗು ಮಾಡಿದ್ದು ಸರಿ ಉಂಟು, ಮೂರಕ್ಕೆ ಮೂರು, ನಾನು ತಿದ್ದುವುದಿಲ್ಲ. ಅವರು ಕುರ್ಚಿ ಎಳೆದು ಎದುರು ಕೂತರು, ಸಿಡುಕಲಿಲ್ಲ, ಅವರ ಕಷ್ಟವೂ ನನಗೆ ಗೊತ್ತು, ಕಳೆದ ಸಲ ಮರುಮೌಲ್ಯಮಾಪನದಲ್ಲಿ ಅಂಕ ಬದಲಾಗಿ ಈ ಕೋಣೆಯ ಇಬ್ಬರಿಗೆ ನೋಟಿಸು ಬಂದಿತ್ತು, ಉಪಮುಖ್ಯರೆಂದು ಇವರಿಗೂ ಬಂದಿತ್ತು, ಮುಂದಿನ ವರ್ಷ ಹೆಡ್‌ಮಾಸ್ಟರ್ ಆಗಬೇಕಾದವರು, ಹಾಗಾಗಿ ಸ್ಕೀಮಿನಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಒಂದು ಕೆಲಸ ಮಾಡುವ ಎಂದರು, ನಿಮ್ಮದೂ ಬೇಡ ನನ್ನದೂ ಬೇಡ, ಎರಡು ಕೊಡಿ. ಅದನ್ನು ಹೇಳುವಾಗ ಪತ್ರಿಕೆಯ ಮೊದಲ ಪುಟ ತಿರುಗಿಸಿ ನನ್ನ ಕಡೆ ಸರಿಸಿದರು, ಅಂಕದ ಪಟ್ಟಿ, ಅಲ್ಲಿರುವುದು ನನಗೆ ಆಗಲೇ ಗೊತ್ತು, ಈ ಪ್ರಶ್ನೆ ಬಿಟ್ಟು ಕೂಡಿಸಿದರೆ ಪಾಸಿಗೆ ಸರಿಯಾಗಿ ಎರಡು ಕಡಿಮೆ, ಒಂದು ಕೊಟ್ಟರೆ ಫೇಲು, ಎರಡು ಕೊಟ್ಟರೆ ಅಂಚಿನಲ್ಲಿ ಪಾಸು, ಮಗು ಪಾಸಾಗ್ತದೆ, ಇನ್ನೆಂತ ಬೇಕು ನಿಮಗೆ, ಮುಖ್ಯ ಮೌಲ್ಯಮಾಪಕರ ತನಕ ಹೋಗಿ ಅವರು ಒಂದೇ ಅಂತ ಹೇಳಿದ್ರೆ ಮಗು ಹೋಯ್ತು, ನಿಮ್ಮ ಹಟಕ್ಕೆ. ಹೇಳಿ ಎದ್ದು ಹೋದರು, ಐದು ನಿಮಿಷ ಯೋಚನೆ ಮಾಡಿ ಎಂದು.

ಹಟವೇ, ಹಟವಾದರೂ ಯಾರದ್ದು, ಇದು ಈ ಮಗುವಿನ ಪರವಾಗಿಯೋ ಹಸಿರು ಬಾಗಿಲಿನ ಹಿಂದೆ ನಿಂತ ಹುಡುಗಿಯ ಪರವಾಗಿಯೋ, ಹಳೆಯ ಸಿಟ್ಟಿಗೆ ಘಟ್ಟದ ಮೇಲಿನ ಯಾವುದೋ ಮಗುವಿನ ಒಂದು ವರ್ಷವನ್ನು ಪಣಕ್ಕೆ ಇಡುತ್ತಿದ್ದೇನೆಯೇ — ಪಕ್ಕದ ಮೇಜಿನಿಂದ ಮೂಸಬ್ಬ ಮಾಸ್ಟ್ರು ಬಗ್ಗಿದರು, ಬಂಟ್ವಾಳದವರು, ನಿವೃತ್ತಿಗೆ ಹತ್ತು ತಿಂಗಳು ಉಳಿದಿದೆ, ಚಹಾಕ್ಕೆ ಬಂದ ಬನ್ಸನ್ನು ಕಾಗದದಲ್ಲಿ ಸುತ್ತಿ ನನ್ನ ಕಡೆ ಸರಿಸಿದರು, ಟೀಚರೇ, ಎರಡು ಹಾಕಿ ಮುಗಿಸಿಬಿಡಿ, ನೀರಿನಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕಿದರೆ ಸಾಕು, ಹಗ್ಗ ಹೊಸತೋ ಹಳತೋ ನೋಡ್ಲಿಕ್ಕಿಲ್ಲ. ಅವರು ಹೇಳಿದ್ದು ಸರಿ, ಪೆನ್ನು ಎತ್ತಿಕೊಂಡೆ, ಮೂರರ ಮೇಲೆ ಗೆರೆ ಎಳೆಯಬೇಕು, ಪಕ್ಕದಲ್ಲಿ ಎರಡು, ಚಿಕ್ಕ ಸಹಿ, ಎರಡು ಅಂದರೆ ಏನರ್ಥ, ಉತ್ತರ ಸರಿ ಆದರೆ ನಿನ್ನದಲ್ಲ, ದಾರಿ ಸರಿ ಆದರೆ ನೀನು ನಡೆದದ್ದಲ್ಲ, ನಾಳೆ ಈ ಮಗು ಪತ್ರಿಕೆಯ ನಕಲು ತರಿಸಿ ನೋಡಿದರೆ ಆ ಒಂದು ಅಂಕ ಎಲ್ಲಿ ಹೋಯಿತೆಂದು ಹುಡುಕುತ್ತದೆ, ತಪ್ಪು ಸಿಗುವುದಿಲ್ಲ, ತಪ್ಪು ಸಿಗದ ಕಡೆ ತಾನೇ ತಪ್ಪು ಎಂದುಕೊಳ್ಳುತ್ತದೆ, ನನಗೆ ಗೊತ್ತು, ನನ್ನಷ್ಟು ಯಾರಿಗೆ ಗೊತ್ತು. ಮತ್ತೆ ಈ ಕೋಣೆಯಲ್ಲಿ ಎಂಟು ಮೇಜು, ಕಟ್ಟಡದಲ್ಲಿ ಹನ್ನೊಂದು ಕೋಣೆ, ಇಂಥ ಪತ್ರಿಕೆ ಇದೊಂದೇ ಎಂದು ಯಾರು ಹೇಳಿದರು, ನಾನು ಇಲ್ಲಿ ಎರಡಕ್ಕೆ ಒಪ್ಪಿದರೆ ಇನ್ನೊಂದು ಮೇಜಿನಲ್ಲಿ ಒಂದು, ಮತ್ತೊಂದರಲ್ಲಿ ಸೊನ್ನೆ, ಯಾರೂ ಕೇಳದೆ.

ಶಬ್ನಾ ಕೇಳಿದ್ದಳು. ನಾಲ್ಕು ವರ್ಷದ ಹಿಂದೆ, ನನ್ನದೇ ತರಗತಿ, ಎರಡನೆಯ ಬೆಂಚು, ಎದ್ದು ನಿಂತು, ಟೀಚರ್, ಎರಡು ಮೂಲ ಸೇರಿ ಎಷ್ಟು ಅಂತ ಮೊದಲೇ ಗೊತ್ತುಂಟಲ್ಲ, ಗುಣಿಸಿದ್ರೆ ಎಷ್ಟು ಅಂತಲೂ ಗೊತ್ತುಂಟು, ಮತ್ತೆ ಸೂತ್ರ ಎಂತಕ್ಕೆ, ಅಲ್ಲಿಂದಲೇ ಹುಡುಕ್ಲಿಕ್ಕೆ ಆಗುದಿಲ್ವಾ. ಆ ಕ್ಷಣ ಪಾಠ ನಿಲ್ಲಿಸಿ ಅವಳ ಕೈಗೆ ಸೀಮೆಸುಣ್ಣ ಕೊಡಬೇಕಿತ್ತು, ಬಾ, ಹುಡುಕು ಎನ್ನಬೇಕಿತ್ತು, ಪಾಠ ಮುಗಿಸಲು ಹದಿನೈದು ದಿನ ಉಳಿದಿತ್ತು, ಅದೆಲ್ಲ ಪರೀಕ್ಷೆಗೆ ಬರುವುದಿಲ್ಲ, ಕೂತುಕೊ ಎಂದೆ, ನನ್ನ ಬಾಯಿಂದಲೇ, ಅವಳು ಕೂತಳು, ಮತ್ತೆ ಏಳಲಿಲ್ಲ, ವರ್ಷವಿಡೀ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ, ಗಣಿತದಲ್ಲಿ ಹೇಗೋ ಪಾಸಾದಳು, ಮುಂದೆ ಕಾಮರ್ಸಿಗೂ ಹೋಗಲಿಲ್ಲ. ಮೊನ್ನೆ ಬಿ.ಸಿ.ರೋಡಿನ ಬಟ್ಟೆ ಅಂಗಡಿಯಲ್ಲಿ ಕಂಡಳು, ಬಿಲ್ಲಿನ ಯಂತ್ರ ಕೈಕೊಟ್ಟಿತ್ತು, ಸಾಲಿನಲ್ಲಿ ಆರು ಜನ, ಒಬ್ಬೊಬ್ಬರ ರಿಯಾಯಿತಿ ಕಳೆದು ಬಾಯಲ್ಲೇ ಹೇಳುತ್ತಿದ್ದಳು, ಕಾಗದ ಇಲ್ಲ ಪೆನ್ನಿಲ್ಲ, ನನ್ನನ್ನು ನೋಡಿ ಟೀಚರ್ ಎಂದು ಎದ್ದು ನಿಂತಳು, ಕೂತುಕೊ ಮಗಾ ಎಂದೆ, ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಅವಳಿಗೆ ಅದರ ನೆನಪಿರಲಿಲ್ಲ, ಇಲ್ಲವೋ ಇತ್ತೋ. ನನಗೆ ಹಾಗೆ ಮಾಡಿದವರ ಮೇಲೆ ಇಪ್ಪತ್ತೆಂಟು ವರ್ಷ ಸಿಟ್ಟು ಇಟ್ಟುಕೊಂಡಿದ್ದೇನೆ, ನಾನು ಮಾಡಿದ್ದಕ್ಕೆ ಒಂದು ದಿನವಾದರೂ ಇಟ್ಟುಕೊಂಡೆನೇ. ಇಲ್ಲ, ಎರಡಲ್ಲ, ಮೂರು, ಪೆನ್ನಿನ ಮುಚ್ಚಳ ಹಾಕಿದೆ, ಟಕ್ ಎಂದಿತು, ಮೂಸಬ್ಬ ಮಾಸ್ಟ್ರು ತಲೆ ಅಲ್ಲಾಡಿಸಿ ತಮ್ಮ ಪತ್ರಿಕೆಗೆ ಹೋದರು.

ಆದರೆ ಬರೀ ಇಲ್ಲ ಎಂದರೆ ಸಾಲದು, ಮುಖ್ಯರು ಕೇಳುವುದು ಕಾರಣ, ನಾಲ್ಕರ ವರ್ಗಮೂಲ ಯಾಕೆ ತೆಗೆಯಬೇಕು ಎಂದು ಮಗು ಬರೆದಿಲ್ಲ, ರವಿರಾಜ ಸರ್ ಹಿಡಿಯುವುದು ಅಲ್ಲೇ, ಊಹೆ ಎನ್ನುತ್ತಾರೆ, ಯಾರೋ ಹೇಳಿದ ಕುಯುಕ್ತಿ ಎನ್ನುತ್ತಾರೆ — ಪತ್ರಿಕೆಯನ್ನು ಮತ್ತೆ ಮೊದಲಿನಿಂದ ತಿರುಗಿಸಿದೆ, ರೇಖಾಗಣಿತ ಪೂರ್ತಿ ಬಿಟ್ಟಿದೆ, ತ್ರಿಕೋನಮಿತಿಯಲ್ಲಿ ಅರ್ಧ, ಪಾಪ, ಕೊನೆಯ ಹಾಳೆ, ಅಲ್ಲಿ ಅಡ್ಡಕ್ಕೆ ಗೆರೆ ಎಳೆದ ಕಚ್ಚಾ ಕೆಲಸ, ಅದನ್ನು ನಾವು ನೋಡುವ ಪದ್ಧತಿಯಿಲ್ಲ, ಗೆರೆ ಎಳೆದದ್ದಕ್ಕೆ ಅಂಕವಿಲ್ಲ, ನೋಡಿದೆ. 7 × 7 = 49. 6 × 8 = 48. 5 × 9 = 45. ಪಕ್ಕದಲ್ಲಿ ಸಣ್ಣದಾಗಿ 1 ಕಮ್ಮಿ, 4 ಕಮ್ಮಿ. ಅದರ ಕೆಳಗೆ 10 × 10 = 100, 9 × 11 = 99, 8 × 12 = 96, 7 × 13 = 91, ಪಕ್ಕದಲ್ಲಿ 1, 4, 9, ಒಂಬತ್ತರ ಸುತ್ತ ಎರಡೆರಡು ಸುತ್ತು, ಕಾಗದ ಹರಿಯುವಷ್ಟು ಒತ್ತಿ, ಮತ್ತೆ ಒಂದೇ ಮಾತು, ವರ್ಗ! ಓ ಮಗುವೇ, ನಿನಗೆ ಏಳರಲ್ಲಿ ಕಂಡದ್ದು ನಿಜವೋ ಎಂದು ಹತ್ತರಲ್ಲಿ ಪರೀಕ್ಷೆ ಮಾಡಿದ್ದೀಯ, ಗಡಿಯಾರ ಓಡುತ್ತಿರುವಾಗ, ಬೇರೆ ಪ್ರಶ್ನೆಗಳನ್ನು ಬಿಟ್ಟು, ಪಾಸಾಗುವ ಆತುರವನ್ನೂ ಬಿಟ್ಟು, ಮಧ್ಯದಿಂದ ಎಷ್ಟು ಸರಿದರೆ ಗುಣಲಬ್ಧ ಅದರ ವರ್ಗದಷ್ಟು ಇಳಿಯುತ್ತದೆ ಎಂದು ನೀನೇ ಕಂಡುಕೊಂಡಿದ್ದೀಯ, ಯಾರೂ ಹೇಳಿಕೊಟ್ಟದ್ದಲ್ಲ, ಹೇಳಿಕೊಟ್ಟವರು ಇದ್ದರೆ ಇಷ್ಟು ಒತ್ತಿ ಸುತ್ತು ಹಾಕುತ್ತಿದ್ದೆಯಾ, ಕಣ್ಣು ಮಂಜಾಯಿತು, ಸೆರಗಿನಿಂದ ಒರೆಸಿಕೊಂಡೆ, ಪತ್ರಿಕೆ ಹಿಡಿದು ಎದ್ದೆ.

ಎದ್ದರೂ ಹೋಗಬೇಕಾಗಲಿಲ್ಲ, ರವಿರಾಜ ಸರ್ ಮುಖ್ಯ ಮೌಲ್ಯಮಾಪಕಿ ವಿಮಲಾ ಮೇಡಮ್ಮನ್ನು ಕರೆದುಕೊಂಡೇ ಬಂದರು, ಸಣ್ಣ ಮೈಯ, ದಪ್ಪ ಕನ್ನಡಕದ ಹೆಂಗಸು, ಕೈಯಲ್ಲಿ ಮುಖ್ಯರು ಮಾತ್ರ ಬಳಸುವ ಹಸಿರು ಪೆನ್ನು, ಎಂತ ಕುಸುಮ ಎಂದರು. ನಾನು ಬೋರ್ಡಿಗೆ ಹೋದೆ, ಗೋಡೆಯ ಬೋರ್ಡು, ಸುಣ್ಣದ ತುಂಡು ಅಲ್ಲೇ ಇತ್ತು, ಮಧ್ಯದಿಂದ ಸರಿದದ್ದು ಡಿ ಆಗಲಿ, ಏಳು ಕೂಡಿಸು ಡಿ, ಏಳು ಕಳೆ ಡಿ, ಇವೆರಡರ ಮೊತ್ತ ಡಿ ಎಷ್ಟಾದರೂ ಹದಿನಾಲ್ಕೇ, ಗುಣಲಬ್ಧ ನಲವತ್ತೊಂಬತ್ತು ಕಳೆ ಡಿ ವರ್ಗ, ಅದು ನಲವತ್ತೈದಾಗಬೇಕು, ಹಾಗಾಗಿ ಡಿ ಎರಡು, ಇಲ್ಲಿ ಊಹೆ ಎಲ್ಲುಂಟು ಮೇಡಂ. ರವಿರಾಜ ಸರ್ ಎದುರಿಗೇ ಒಂದು ಲೆಕ್ಕ ಕೊಟ್ಟರು, x² − 6x + 7, ಇದಕ್ಕೆ ಅಪವರ್ತನ ಬರುವುದಿಲ್ಲ, ಮಾಡಿ ನೋಡುವ, ನಾನು ಕೈ ಎತ್ತುವ ಮೊದಲೇ ಮೂಸಬ್ಬ ಮಾಸ್ಟ್ರು ಕೂತಲ್ಲಿಂದ ಹೇಳಿದರು, ಅರ್ಧ ಮೂರು, ಒಂಬತ್ತರಿಂದ ಏಳು ಹೋದರೆ ಎರಡು, ಮೂರರಿಂದ ಆಚೆ ಈಚೆ ವರ್ಗಮೂಲ ಎರಡು, ಬಂತಲ್ಲ ಸರ್, ಸೂತ್ರಕ್ಕಿಂತ ಸುಲಭ ಉಂಟು. ಸರ್ ಅಂಗೈಯಲ್ಲಿ ಬೆರಳಿನಿಂದ ಬರೆದುಕೊಂಡರು, ಎರಡು ಸಲ, ಗಣಿತದವರು ತಾನೆ, ಮುಖದಲ್ಲಿ ಗೊತ್ತಾಯಿತು, ಒಂದು ಕ್ಷಣ ಅವರೂ ಹುಡುಗನಾದರು, ಮತ್ತೆ ಉಪಮುಖ್ಯರಾದರು, ಲೆಕ್ಕ ಸರಿ, ನಾನು ಇಲ್ಲ ಅನ್ನುದಿಲ್ಲ, ಆದರೆ ಸ್ಕೀಮಿನಲ್ಲಿ ಇಲ್ಲದ್ದಕ್ಕೆ ನಾಳೆ ಯಾರು ಉತ್ತರ ಕೊಡುವುದು?

ನಾನು ಎಂದೆ. ಸ್ಕೀಮಿನ ಕೊನೆಯ ಸಾಲು ಓದಿ ಸರ್, ಬೇರೆ ಯಾವುದೇ ಸರಿಯಾದ ಕ್ರಮಕ್ಕೂ ಪೂರ್ಣ ಅಂಕ ಅಂತ ಉಂಟು, ಅದಕ್ಕೂ ಮೇಲೆ ಬರವಣಿಗೆ ಬೇಕಿದ್ದರೆ ನಾನು ಕೊಡುತ್ತೇನೆ. ವಿಮಲಾ ಮೇಡಂ ಬಿಳಿ ಹಾಳೆ ಕೊಟ್ಟರು, ಬರೆಯಿರಿ, ಪರಿಶೀಲನೆಯಲ್ಲಿ ಇದು ತಪ್ಪೆಂದು ಬಂದರೆ ನೋಟಿಸು ನಿಮ್ಮ ಹೆಸರಿಗೆ ಬರ್ತದೆ, ಗೊತ್ತಿರಲಿ. ಬರೆದೆ, ಈ ವಿದ್ಯಾರ್ಥಿಯ ಉತ್ತರ ಸ್ವಂತದ್ದು, ಸರಿಯಾದದ್ದು, ಪೂರ್ಣ ಅಂಕಕ್ಕೆ ಅರ್ಹವಾದದ್ದು, ಇದನ್ನು ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ, ಕೆಳಗೆ ನನ್ನ ಹೆಸರು, ಶಾಲೆ, ವಾಮದಪದವು, ಪೂರ್ತಿ ಸಹಿ, ವಿಧೇಯ ಎಂಬ ಶಬ್ದ ಹಾಕಲಿಲ್ಲ, ಸಹಿಯ ಕೆಳಗೆ ಇನ್ನೊಂದು ಸಹಿಯ ಜಾಗವೂ ಬಿಡಲಿಲ್ಲ, ಅಪ್ಪಾ, ನಾನು ನೋಡಿ ಬರೆದದ್ದಲ್ಲ, ನೀವು ಕೇಳದಿದ್ದರೂ ಹೇಳುತ್ತಿದ್ದೇನೆ. ಮೇಡಂ ಹಾಳೆಯನ್ನು ಓದಿದರು, ಮಗುವಿನ ಉತ್ತರವನ್ನು ಓದಿದರು, ಕೊನೆಯ ಹಾಳೆಯನ್ನು ನೋಡಿದರು, ಕನ್ನಡಕ ಎತ್ತಿ ಹತ್ತಿರ ಹಿಡಿದು ಆ ಎರಡು ಸುತ್ತನ್ನು ನೋಡಿದರು, ನನ್ನ ಕೆಂಪು ಮೂರರ ಪಕ್ಕದಲ್ಲಿ ಹಸಿರು ಮೂರು ಬರೆದರು, ಸಹಿ ಹಾಕಿದರು, ಮೊದಲ ಪುಟದ ಮೊತ್ತಕ್ಕೂ ಹಾಕಿದರು, ಮಗು ಪಾಸು, ಅಂಚಿನ ಮೇಲೆ ಒಂದು ಅಂಕ ಜಾಸ್ತಿ, ರವಿರಾಜ ಸರ್ ಸರಿ ಮೇಡಂ ಎಂದು ಪತ್ರಿಕೆಯನ್ನು ಕಟ್ಟಿಗೆ ಸೇರಿಸಿದರು, ನನ್ನ ಕಡೆ ನೋಡಲಿಲ್ಲ, ಇನ್ನು ಎಷ್ಟು ವರ್ಷ ನೋಡುವುದಿಲ್ಲವೋ, ಬೇಡ, ನೋಡದಿರಲಿ. ಎಲ್ಲ ಕೋಣೆಗಳಿಗೂ ಹೇಳಿ ಕಳುಹಿಸುತ್ತೇನೆ, ಈ ಕ್ರಮದಲ್ಲಿ ಯಾರು ಮಾಡಿದರೂ ಪೂರ್ಣ ಅಂಕ ಎಂದು ಮೇಡಂ ಕೋಣೆಗೆಲ್ಲ ಕೇಳುವಂತೆ ಹೇಳಿ ಹೊರಟರು, ಬಾಗಿಲ ತನಕ ಹೋಗಿದ್ದರು.

ಆಗ ಕೊನೆಯ ಮೇಜಿನಲ್ಲಿ ಅನಿಷಾ ಎದ್ದು ನಿಂತಳು, ಇದೇ ವರ್ಷ ಮೊದಲ ಸಲ ಬಂದ ಹುಡುಗಿ, ಬೆಳ್ತಂಗಡಿಯ ಯಾವುದೋ ಶಾಲೆಯವಳು, ಮುಖ ಸಪ್ಪೆಯಾಗಿತ್ತು, ಮೇಡಂ, ನಿನ್ನೆ ನನಗೂ ಇಂಥದ್ದೊಂದು ಸಿಕ್ಕಿತ್ತು, ಅರ್ಧ ಮಾಡಿ ಆಚೆ ಈಚೆ ಹೋಗುವುದು, ನನಗೆ ಅರ್ಥ ಆಗ್ಲಿಲ್ಲ, ಉತ್ತರ ಸರಿ ಇತ್ತು ಅಂತ ಒಂದು ಕೊಟ್ಟೆ. ಯಾವ ಕಟ್ಟು ಎಂದು ಕೇಳಿದವಳು ನಾನು, ಅವಳು ಗೋಡೆಯ ಕಡೆ ಬೆರಳು ಮಾಡಿದಳು, ನಿನ್ನೆ ಮುಗಿದ ಕಟ್ಟುಗಳು, ಕಂದು ಕಾಗದ ಸುತ್ತಿ ಸುತಳಿಯಲ್ಲಿ ಬಿಗಿದು ಸಾಲಾಗಿ ಇಟ್ಟದ್ದು, ಸಂಜೆಯ ವ್ಯಾನಿಗೆ ಹೋಗುವವು, ಮೇಲಿನಿಂದ ನಾಲ್ಕನೆಯದು. ಮುಗಿದ ಕಟ್ಟು ಬಿಚ್ಚುವ ಹಾಗಿಲ್ಲ ಎಂದರು ರವಿರಾಜ ಸರ್, ಅಭ್ಯಾಸಬಲ, ಹೇಳಿದ ಮೇಲೆ ತಾವೇ ಪಕ್ಕಕ್ಕೆ ಸರಿದರು, ವಿಮಲಾ ಮೇಡಂ ಬಾಗಿಲಿನಿಂದ ಹಿಂದೆ ಬಂದರು, ಬಿಚ್ಚಿ, ಅದಕ್ಕೆ ನಾನು ಬರೆದು ಕೊಡ್ತೇನೆ. ಮೂಸಬ್ಬ ಮಾಸ್ಟ್ರು ಮೇಲಿನ ಮೂರು ಕಟ್ಟು ಎತ್ತಿ ಕೆಳಗಿಟ್ಟರು, ನಾಲ್ಕನೆಯದನ್ನು ನಾನು ನೆಲಕ್ಕೆಳೆದು ಮಂಡಿಯೂರಿ ಕೂತೆ, ಕತ್ತರಿ ಇಲ್ಲ, ಕತ್ತರಿ ತನ್ನಿ ಎಂದು ಯಾರೋ ಹೇಳುತ್ತಿದ್ದಾರೆ, ಕತ್ತರಿಗೆ ಕಾಯುವವರು ಯಾರು, ಸುತಳಿ ಒದ್ದೆ ಮಾಡಿ ಬಿಗಿದಿದ್ದಾರೆ, ಒಣಗಿ ಕಲ್ಲಾಗಿದೆ, ಗಂಟಿನ ಮೇಲೆ ಗಂಟು, ಇದರೊಳಗೆ ಒಂದು ಹಾಳೆ, ಅದರ ಮೇಲೆ ಒಂದೆಂಬ ಕೆಂಪು ಗೀಟು, ಅನಿಷಾ ಎದುರು ಕೂತು ತಾನೂ ಕೈಹಾಕಿದಳು, ನೀನು ಆ ತುದಿ ಹಿಡಿ, ನಾನು ಈ ತುದಿ ಎಳೆಯುತ್ತೇನೆ, ಉಗುರು ಮುರಿಯಿತು, ಮುರಿಯಲಿ, ಮೇಲಿನ ಗಂಟು ಸಡಿಲಿತು, ಕೆಳಗೆ ಇನ್ನೊಂದು, ಹೆಬ್ಬೆರಳಿನ ಉಗುರು ಇದೆ, ಸುತಳಿಯ ಎಳೆ, ಎಳೆಯ ಸಂದು, ಸಂದಿನಲ್ಲಿ ಉಗುರು, ಗಂಟು, ಉಗುರು, ಗಂಟು —